ನಿಧಾನಕ್ಕೆ ನಮೋ ನಮಃ

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಟಿಬೆಟನ್ನರ ಧೊಂಡೆನ್‌ಲಿಂಗ್ ವಸಾಹತಿದೆ. ಹಾಗಾಗಿ ಅಲ್ಲಿನ ಕಂಪ್ಯೂಟರಿಗೆ ಕನ್ನಡವೂ ಬರಬೇಕು, ಟಿಬೆಟನ್ನೂ ಬರಬೇಕು. ಎರಡೂ ಲಿಪಿಗಳಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ. ಅದು ಜಾಗ ತಪ್ಪಿ ಪಕ್ಕಕ್ಕೆ ಸರಿದರೆ ಅವಸರದ ಜನ ಬೈಯುತ್ತಾರೆ. ಪಾಪ, ತಂತ್ರಾಂಶ ಬಿಡುಗಡೆಯ ವ್ಯವಸ್ಥೆಯ ಘನತೆ ಅವರಿಗೇನು ಗೊತ್ತು?

ಡೆಬಿಯನ್ ಲಿನಕ್ಸನ್ನೇ ನೋಡಿ. ಒತ್ತನ್ನು ಸರಿಪಡಿಸುವ ನಾಲ್ಕು ಸಾಲಿನ ಪ್ಯಾಚ್ ಮೊದಲು ಫಾಂಟಿನ ಮೇಂಟೇನರ್ ಬಳಿಗೆ ಹೋಗುತ್ತದೆ. ಆತ ಸಂಬಳವಿಲ್ಲದೆ, ಮನೆಮಂದಿ ಮಲಗಿದ ಮೇಲೆ ಇದನ್ನೆಲ್ಲ ನೋಡುವ ಪುಣ್ಯಾತ್ಮ. ಅಕ್ಷರ ಸರಿಯಾಗಿದೆ ಎಂದು ಒಪ್ಪಿದರೂ ಸಾಲಿನ ತುದಿಯಲ್ಲಿ ಉಳಿದ ಖಾಲಿ ಜಾಗವನ್ನು ಒಪ್ಪಲಾರ. ಅದನ್ನೂ ತಿದ್ದಿ, ಹೊಸ ಆವೃತ್ತಿ ಹೊರಟ ಮೇಲೆ, ಡೆಬಿಯನ್ನಿನ ಪ್ಯಾಕೇಜ್ ಮೇಂಟೇನರ್ ಅದನ್ನು ‘ಸಿಡ್’ ಎಂಬ ಅಸ್ಥಿರ ಶಾಖೆಗೆ ಏರಿಸುತ್ತಾರೆ. ಸಿಡ್ ಎಂದರೆ ‘ಟಾಯ್ ಸ್ಟೋರಿ’ ಚಿತ್ರದಲ್ಲಿ ಆಟಿಕೆ ಮುರಿಯುವ ಹುಡುಗ; ಹೆಸರಿಟ್ಟವರ ಪ್ರಾಮಾಣಿಕತೆ ದೊಡ್ಡದು. ಅಲ್ಲಿ ತುರ್ತಿಗೆ ತಕ್ಕಂತೆ 2, 5 ಅಥವಾ 10 ದಿನ ಕೂತು, ಯಾರೂ ದೊಡ್ಡ ತಕರಾರು ತೆಗೆಯದಿದ್ದರೆ ‘ಟೆಸ್ಟಿಂಗ್’ಗೆ ಬಡ್ತಿ. ಅಷ್ಟರೊಳಗೆ, ಬಿಡುಗಡೆಗೆ ಮುನ್ನ ಬದಲಾವಣೆ ತಡೆಯುವ ಫ್ರೀಜ್ ಬಿಗಿಯಾಯಿತೋ, ಮುಂದಿನ ಬಿಡುಗಡೆಗೆ ಕಾಯಬೇಕು. ‘ಬುಕ್‌ವರ್ಮ್’ ಎಂಬ ಆವೃತ್ತಿ ಬಂದದ್ದು 2023ರ ಜೂನಿನಲ್ಲಿ, ‘ಟ್ರಿಕ್ಸಿ’ 2025ರ ಆಗಸ್ಟಿನಲ್ಲಿ. ನಡುವಿನ ಎರಡು ವರ್ಷ ಒತ್ತು ಪಕ್ಕದಲ್ಲೇ ನಿಂತಿದ್ದರೆ ಆಕಾಶವೇನೂ ಕಳಚಿ ಬೀಳದು. ಬಿಡುಗಡೆಯಾದ ಆವೃತ್ತಿಯಲ್ಲಿ ಭದ್ರತೆಯ ದೋಷ, ಗಂಭೀರ ದೋಷಗಳನ್ನಷ್ಟೇ ತಿದ್ದುವುದು ಪದ್ಧತಿ. ಅಕ್ಷರ ಓದಲು ಬಾರದಿರುವುದು ಗಂಭೀರವೋ ಅಲ್ಲವೋ ಎಂಬುದು, ನ್ಯಾಯವಾಗಿಯೇ, ಆ ಅಕ್ಷರ ಯಾರದು ಎಂಬುದರ ಮೇಲೆ ನಿಂತಿದೆ.

ಟಿಬೆಟನ್ ಲಿಪಿಗೆ ಈ ಕಾಯುವ ಸಾಧನೆ ಹೊಸದಲ್ಲ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಅದಕ್ಕೆ ಜಾಗ ಕೊಟ್ಟಿತು, 1993ರಲ್ಲಿ ತೆಗೆದುಹಾಕಿತು, 1996ರಲ್ಲಿ ಮತ್ತೆ ಸೇರಿಸಿಕೊಂಡಿತು. ಪುನರ್ಜನ್ಮವನ್ನು ನಂಬುವವರ ಲಿಪಿಗೆ ಇದಕ್ಕಿಂತ ಒಪ್ಪುವ ಗೌರವವನ್ನು ಯಾವ ಸಮಿತಿ ಕೊಟ್ಟೀತು? ಮೈಕ್ರೋಸಾಫ್ಟ್ ಕೂಡ ವಿಂಡೋಸ್ ವಿಸ್ಟಾ ಬರುವವರೆಗೆ ಟಿಬೆಟನ್ ಫಾಂಟ್ ಜೊತೆಗಿಟ್ಟು ಅವರ ತಪಸ್ಸು ಕೆಡಿಸಲಿಲ್ಲ. ನಮಗೂ ಅನ್ಯಾಯವಾಗಿಲ್ಲ. ಹಳಗನ್ನಡದ ನಕಾರ ಪೊಲ್ಲು ಎಂಬ ಅಕ್ಷರ 2021ರಲ್ಲಿ, ಯೂನಿಕೋಡಿನ 14ನೆಯ ಆವೃತ್ತಿಗೆ, ಸಾವಧಾನವಾಗಿ ಬಂದು ಸೇರಿತು. ಅದನ್ನು ಬಳಸುತ್ತಿದ್ದವರಲ್ಲಿ ಒಬ್ಬರೂ ವಿಳಂಬದ ಬಗ್ಗೆ ದೂರಿಲ್ಲ.

ಆದ್ದರಿಂದ ಒಡೆಯರಪಾಳ್ಯದ ಬಂಧುಗಳೇ, ಒತ್ತು ತಪ್ಪಿದ್ದು ಕಂಡರೆ ಇವತ್ತೇ ವರದಿ ಮಾಡಿ. ಮುಂದಿನ ಬಿಡುಗಡೆಗೆ ‘ಫೋರ್ಕಿ’, ಅದರಾಚೆಯದಕ್ಕೆ ‘ಡ್ಯೂಕ್’ ಎಂದು ಹೆಸರೂ ಇಟ್ಟಾಗಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರು ನಿಮ್ಮ ಒತ್ತಕ್ಷರವನ್ನು ಮರೆತಾರೆಯೇ?