ಗೋಡೆ ಲೆಕ್ಕ, ಕ್ಯಾಲೆಂಡರ್ ಲೆಕ್ಕ

ನಮ್ಮ ಮನೆಯಲ್ಲಿ ಹಾಲಿಗೆ ಎರಡು ಲೆಕ್ಕ ಇರುತ್ತಿತ್ತು. ಹಾಲಿನವಳು ಬಾಗಿಲ ಪಕ್ಕದ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಅಮ್ಮ ಒಳಗೆ ಕ್ಯಾಲೆಂಡರಿನ ಚೌಕದಲ್ಲಿ ತನಗೊಬ್ಬಳಿಗೇ ತಿಳಿಯುವ ಚುಕ್ಕೆ, ಸೊನ್ನೆ ಹಾಕುತ್ತಿದ್ದಳು. ತಿಂಗಳ ಕೊನೆಗೆ ಎರಡೂ ತಾಳೆಯಾದದ್ದನ್ನು ನಾನು ಕಂಡಿಲ್ಲ. ಲಿನಕ್ಸ್ ಸರ್ವರುಗಳನ್ನು ಕಾಯುವ ಕೆಲಸಕ್ಕೆ ಸೇರಿದ ಮೇಲೂ ಈ ತಾಪತ್ರಯ ತಪ್ಪಲಿಲ್ಲ.

ಸರ್ವರು ತನ್ನಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುತ್ತದೆ, ಅದೇ ಲಾಗ್. ಯಾರು ಒಳಗೆ ಬಂದರು, ಯಾವ ಸರ್ವೀಸು ಮಕಾಡೆ ಮಲಗಿತು, ಎಲ್ಲ. 1980ರ ದಶಕದಲ್ಲಿ ಬರ್ಕ್‌ಲಿಯ ಎರಿಕ್ ಆಲ್‌ಮನ್ ತಮ್ಮ ಸೆಂಡ್‌ಮೇಲ್‌ಗೆಂದು ಹುಟ್ಟಿಸಿದ ಸಿಸ್‌ಲಾಗ್ ಪದ್ಧತಿ ಇದು. ಅದೇ ವಂಶದ ಆರ್‌ಸಿಸ್‌ಲಾಗ್ 2004ರಿಂದ ಇದೆ. ಅದರದು ಗೋಡೆ ಲೆಕ್ಕ. ಸಾದಾ ಅಕ್ಷರ, ಹೋಗಿಬರುವವರೆಲ್ಲ ಓದಬಹುದು. 2011ರಲ್ಲಿ ಸಿಸ್ಟಮ್‌ಡಿಯವರು ಜರ್ನಲ್‌ಡಿ ತಂದರು. ಅದು ಅಪ್ಪಟ ಕ್ಯಾಲೆಂಡರ್ ಲೆಕ್ಕ. ಬೈನರಿಯಲ್ಲಿ ಬರೆಯುತ್ತದೆ, ಜರ್ನಲ್‌ಸಿಟಿಎಲ್ ಕರೆಯದೆ ಒಂದಕ್ಷರ ಅರ್ಥವಾಗುವುದಿಲ್ಲ. ಹಳತನ್ನು ಬಿಡಲು ಜನಕ್ಕೆ ಮನಸ್ಸಿಲ್ಲ, ಹೊಸದು ಬಿಡುವುದಿಲ್ಲ. ಹಾಗಾಗಿ ಎಷ್ಟೋ ಸರ್ವರುಗಳಲ್ಲಿ ಎರಡೂ ಇವೆ.

ಒಂದು ಶುಕ್ರವಾರ ಸಂಜೆ ಮ್ಯಾನೇಜರು, 'ಎಲ್ಲ ಲಾಗೂ ಒಂದೇ ಕಡೆ ಬರೋ ಹಾಗೆ ಮಾಡ್ರೀ, ಅರ್ಧ ಗಂಟೆ ಕೆಲಸ' ಅಂದರು. ಅರ್ಧ ಗಂಟೆ ಅನ್ನುವವರು ಯಾವತ್ತೂ ಬೇರೆಯವರ ಅರ್ಧ ಗಂಟೆಯನ್ನೇ ಹೇಳುತ್ತಾರೆ.

ರೆಡ್‌ಹ್ಯಾಟ್ ಕುಲದ ಸರ್ವರಿನಲ್ಲಿ ಆರ್‌ಸಿಸ್‌ಲಾಗ್ ತಾನೇ ಒಳಗೆ ಹೋಗಿ ಕ್ಯಾಲೆಂಡರು ನೋಡಿ ಬರೆದುಕೊಳ್ಳುತ್ತದೆ. ಆ ಕೆಲಸದ ಮಾಡ್ಯೂಲಿಗೆ ಇಮ್‌ಜರ್ನಲ್ ಎಂದು ಹೆಸರು. ಉಬುಂಟುವಿನಲ್ಲಿ ಜರ್ನಲ್‌ಡಿಯೇ ಬಾಗಿಲಿಗೆ ಬಂದು ಗಟ್ಟಿಯಾಗಿ ಓದಿ ಹೇಳುತ್ತದೆ. ಅದಕ್ಕೆ 'ಫಾರ್ವರ್ಡ್‌ಟುಸಿಸ್‌ಲಾಗ್' ಎಂಬ ಕಡೆ 'ಯೆಸ್' ಅಂದಿರಬೇಕು, ಕೇಳಿಸಿಕೊಳ್ಳಲು ಇಮ್‌ಯುಎಕ್ಸ್‌ಸಾಕ್ ಕಿವಿ ತೆರೆದಿರಬೇಕು. ನನ್ನದು ರೆಡ್‌ಹ್ಯಾಟ್ ಕುಲದ ಸರ್ವರು. ಅದಕ್ಕೆ ಉಬುಂಟುವಿನಿಂದ ನಾಲ್ಕು ಸಾಲು ಎರವಲು ತಂದು ಅಂಟಿಸಿದೆ. ಈಗ ಆರ್‌ಸಿಸ್‌ಲಾಗ್ ನೋಡಿಯೂ ಬರೆಯಿತು, ಕೇಳಿಯೂ ಬರೆಯಿತು. ಹೊತ್ತು ನೋಡಿ ಕೆಲಸ ಶುರುಮಾಡುವ ಕ್ರಾನ್ ಒಂದು ಸಲ ಎದ್ದರೆ ಲಾಗಿನಲ್ಲಿ ಎರಡು ಸಲ ಎದ್ದಿತ್ತು.

ನನ್ನ ಕಣ್ಣು ಬಿದ್ದದ್ದು ಬೇರೆ ಕಡೆ. ಲಾಗ್ ಕಳಿಸಬೇಕಾದ ವಿಳಾಸದ ಹಿಂದೆ ಎರಡು ಅಟ್ ಚಿಹ್ನೆಗಳಿದ್ದವು. ಎರಡಿದ್ದರೆ ಎರಡು ಸಲ ಹೋಗದೆ ಇನ್ನೇನು ಎಂದು ಒಂದನ್ನು ಅಳಿಸಿದೆ. ಜೋಡಿ ಸಾಲು ಥಟ್ಟನೆ ನಿಂತಿತು! ಎದ್ದು ಹೋಗಿ ಕಾಫಿ ಕುಡಿದು ಬಂದೆ. ಬಂದು ನೋಡಿದರೆ ಒಂಟಿ ಸಾಲೂ ಇಲ್ಲ. ಎರಡು ಅಟ್ ಅಂದರೆ ಟಿಸಿಪಿ, ಒಂದಾದರೆ ಯುಡಿಪಿ. ಆ ಕಡೆಯ ಸರ್ವರು ಟಿಸಿಪಿಯಲ್ಲದೆ ಇನ್ನೊಂದಕ್ಕೆ ಕಿವಿಗೊಡದು. ಯುಡಿಪಿಯೋ, ಕಾಗದ ಮುಟ್ಟಿತೇ ಎಂದು ವಿಚಾರಿಸುವ ಜಾಯಮಾನದ್ದಲ್ಲ.

ಅಟ್ ವಾಪಸು ಹಾಕಿ, ಎರವಲು ಸಾಲುಗಳನ್ನು ಕಿತ್ತೆ. ಒಂದಕ್ಕೆ ಒಂದೇ ಸಾಲು ಬಂತು. ಅಲ್ಲಿಗೆ ಕೈ ಮುಗಿದು ಏಳಬೇಕಿತ್ತು. ಎಲ್ಲ ಹೊಸದಾಗಿ ಶುರುವಾಗಲಿ ಎಂಬ ಮಡಿ ತಲೆಗೇರಿ, ಇಮ್‌ಜರ್ನಲ್‌ನ ಸ್ಟೇಟ್ ಫೈಲನ್ನು ಅಳಿಸಿದೆ. ಜರ್ನಲ್ಲನ್ನು ಎಲ್ಲಿಯವರೆಗೆ ಓದಿಯಾಗಿದೆ ಎಂಬ ಗುರುತು ಇರುವುದು ಅದರಲ್ಲೇ. ಗುರುತು ಕಳೆದುಕೊಂಡ ಆರ್‌ಸಿಸ್‌ಲಾಗ್ ಮೊದಲ ಪುಟದಿಂದ ಪಾರಾಯಣ ಶುರುಮಾಡಿತು. ರೀಬೂಟಾದರೂ ಹಳೆಯದು ಅಳಿಯದಿರಲೆಂದು ಜರ್ನಲ್ಲಿಗೆ ಡಿಸ್ಕಿನಲ್ಲಿ ಜಾಗ ಮಾಡಿಕೊಟ್ಟಿದ್ದ ಪುಣ್ಯಾತ್ಮನೂ ನಾನೇ.

ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ ಫೋನು. 'ಏನ್ರೀ, ಡಿಸ್ಕ್ ತುಂಬಿದೆಯಂತೆ?'

'ಅದು ಯುಗಾದಿ ಹಿಂದಿನ ದಿನ ತುಂಬಿದ್ದು ಸಾರ್.'

'ಈಗ ಆಷಾಢ ಕಣ್ರೀ!'

ಅಲರ್ಟ್ ಕಳಿಸುವ ಯಂತ್ರಕ್ಕೆ ಸಾಲು ಬಂದ ಗಳಿಗೆ ಮುಖ್ಯ, ಬರೆದ ದಿನ ಅಲ್ಲ. ಮೂರು ತಿಂಗಳ ನನ್ನ ತಪ್ಪುಗಳೆಲ್ಲ ಒಂದೊಂದಾಗಿ ಅವರ ಮೊಬೈಲಿನಲ್ಲಿ ಟಿಂಗ್ ಅನ್ನುತ್ತಿದ್ದವು. ಅವುಗಳಲ್ಲಿ ಎರಡನ್ನು ನಾನು ಅವರಿಗೆ ಹೇಳಿರಲೇ ಇಲ್ಲ.

ಭಾನುವಾರ ಅಮ್ಮನಿಗೆ ಫೋನು ಮಾಡಿದಾಗ ಕೇಳಿದೆ, 'ಅಮ್ಮಾ, ಕೊನೆಗೆ ಹಾಲಿಗೆ ಯಾವ ಲೆಕ್ಕದಲ್ಲಿ ದುಡ್ಡು ಕೊಡ್ತಿದ್ದೆ?'

'ಗೋಡೆ ಲೆಕ್ಕದಲ್ಲೇ. ಅವಳ ಹತ್ರ ಜಗಳ ಆಡಿದ್ರೆ ಮಾರನೇ ದಿನ ಹಾಲಿಗೆ ನೀರು ಜಾಸ್ತಿ ಬೀಳೋದು.'

'ಮತ್ತೆ ಕ್ಯಾಲೆಂಡರಿನಲ್ಲಿ ಯಾಕೆ ಬರೀತಿದ್ದೆ?'

'ನಂಗೆ ಗೊತ್ತಿರ್ಬೇಕಲ್ಲೋ!'