ಶಿರಿಯದ ಕರಿತಟ್ಟೆಗಳು: ಒಂದು ಕಾಲನಿರ್ಣಯ

ಶಿರಿಯ ಹೊಳೆಯ ಬದಿಯ ಹಂಚಿನ ಮನೆಯೊಂದರ ಅಟ್ಟದಲ್ಲಿ, ಅಡಕೆ ಗೋಣಿಗಳ ಅಡಿಯಲ್ಲಿ ದೊರೆತ ನಾಲ್ಕು ಕರಿತಟ್ಟೆಗಳೇ ಈ ಪ್ರಬಂಧದ ಆಕರ. ಮನೆಯವರು ಇವನ್ನು ‘ಗಲ್ಫಿನ ಮಾವ ತಂದ ರೆಕಾರ್ಡು’ ಎನ್ನುತ್ತಾರೆ. ಸಂಶೋಧಕರು ಇಂಥ ಜನಶ್ರುತಿಗೆ ಕಿವಿಗೊಡಬಾರದು.

ಮೊದಲು ಗ್ರಂಥಸಂಪಾದನೆ. ತಾಳೆಗರಿಗೆ ಗೆದ್ದಲು ಹೇಗೋ ಎಲ್‌ಪಿಗೆ ಆಟಿಯ ಬೂಸ್ಟು ಹಾಗೆ. ಮುಳ್ಳು ಹಾರಿದಲ್ಲಿ ‘ಗ್ರಂಥಪಾತ’ ಎಂದು ಗುರುತಿಸಿದ್ದೇನೆ. ಗೀರಿಗೆ ಸಿಕ್ಕಿ ಒಂದೇ ಸಾಲು ಮತ್ತೆ ಮತ್ತೆ ಬಂದಲ್ಲಿ ‘ಪುನರುಕ್ತಿ; ಕವಿಗೆ ಪ್ರಿಯವಾದ ಸಾಲಿರಬೇಕು’ ಎಂದು ಬರೆದಿದ್ದೇನೆ. ಕರಕರ ಸದ್ದು ಪ್ರಕ್ಷಿಪ್ತ. ಹಂಚಿನ ಕಾವಿಗೆ ಬಾಗಿದ ತಟ್ಟೆಯಲ್ಲಿ ಸ್ವರ ತೂಗಾಡುತ್ತದೆ. ಅದನ್ನು ಗಮಕವೆಂದು ತಿಳಿದರೆ ಪಾಠ ಶುದ್ಧವಾಗುತ್ತದೆ.

ಇನ್ನು ಸಿದ್ಧಾಂತ. ಈ ತಟ್ಟೆಗಳಲ್ಲಿರುವ ಪ್ರೋಗ್ರೆಸಿವ್ ರಾಕ್ ಹುಟ್ಟಿದ್ದು ಕುಂಬಳೆ ಸೀಮೆಯಲ್ಲಿ. 1969ರ ಕಿಂಗ್ ಕ್ರಿಮ್ಸನ್ ತಟ್ಟೆಯೇ ಆದಿಗ್ರಂಥವೆಂಬ ಪಾಶ್ಚಾತ್ಯರ ವಾದ, ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರೇ ಕೇಳದವರ ವಾದ. ಪಿಂಕ್ ಫ್ಲಾಯ್ಡ್‌ನ 1973ರ ‘ಮನಿ’ ಏಳು ಪೆಟ್ಟಿನಲ್ಲಿ ನಡೆಯುತ್ತದೆ. ನಮ್ಮ ತ್ರಿಪುಡೆ ತಾಳಕ್ಕೂ ಅಕ್ಷರ ಏಳೇ. ಜೆತ್ರೊ ಟಲ್ ಮೇಳದ ಇಯಾನ್ ಆಂಡರ್ಸನ್ ಒಂಟಿಕಾಲಲ್ಲಿ ನಿಂತು ಕೊಳಲೂದುತ್ತಾನೆ. ವೇಣುಗೋಪಾಲನನ್ನು ನೋಡದೆ ಇದು ಸಾಧ್ಯವೇ? ಜೆನೆಸಿಸ್‌ನ ಪೀಟರ್ ಗೇಬ್ರಿಯಲ್ 1972ರಲ್ಲಿ ಹೆಂಡತಿಯ ಕೆಂಪು ಉಡುಪು ತೊಟ್ಟು, ನರಿಯ ತಲೆ ಇಟ್ಟು ರಂಗಕ್ಕೆ ಬಂದ. ಸ್ತ್ರೀವೇಷವನ್ನೂ ಬಣ್ಣದ ವೇಷವನ್ನೂ ಒಬ್ಬನೇ ಒಟ್ಟಿಗೆ ಕಟ್ಟುವ ಧೈರ್ಯ ನಮ್ಮ ಮೇಳದವರಿಗೂ ಬಂದಿರಲಿಲ್ಲ, ಅದನ್ನು ಒಪ್ಪಬೇಕು.

ಯೆಸ್ ಮೇಳದ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’ (1973) ನಮ್ಮಂಥ ವಿದ್ವಾಂಸರಿಗೆ ಅತ್ಯಂತ ಆಪ್ತವಾದುದು. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ ಓದಿ ಜಾನ್ ಆಂಡರ್ಸನ್ ಎರಡು ತಟ್ಟೆ, ನಾಲ್ಕು ಬದಿ, ಎಂಬತ್ತು ನಿಮಿಷ ಮೀರಿದ ನಾಲ್ಕೇ ಪದ್ಯಗಳ ಯೋಜನೆ ಹಾಕಿದ. ಒಂದು ಅಡಿಟಿಪ್ಪಣಿಯಿಂದ ನಾನೂರು ಪುಟದ ಮಹಾಪ್ರಬಂಧ ಎಬ್ಬಿಸುವ ವಿದ್ಯೆ ಇಂಗ್ಲೆಂಡಿಗೂ ಹಬ್ಬಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ (1972) ಸ್ವಲ್ಪ ತೊಡಕಿನದು. ಎರಡೂ ಬದಿಗೆ ಒಂದೇ ಪದ್ಯ. ತಟ್ಟೆ ಮಗುಚುವಷ್ಟೇ ಬಿಡುವು, ಬಯಲಾಟದಲ್ಲಿ ನಾವು ಚಾ ಕುಡಿಯಲು ಏಳುವ ಹೊತ್ತು. ಹೊದಿಕೆಯೇ ಒಂದು ಊರಪತ್ರಿಕೆ. ಎಂಟು ವರ್ಷದ ಹುಡುಗ ಈ ಕಾವ್ಯ ಬರೆದನೆಂದು ಅದರಲ್ಲಿ ವರದಿ. ಇದೆಲ್ಲ ಬರೀ ಅಣಕವೆಂದು ಇಯಾನ್ ಆಂಡರ್ಸನ್ ಆಮೇಲೆ ಹೇಳಿಕೊಂಡದ್ದುಂಟು. ಆದರೆ ಕರ್ತೃವಿನ ಹೇಳಿಕೆಗಿಂತ ಲಿಖಿತ ದಾಖಲೆಯೇ ಪ್ರಬಲ ಪ್ರಮಾಣ. ಹುಡುಗ ಕುಂಬಳೆಯವನೇ ಎಂಬುದು ಮುಂದಿನ ಸಂಪುಟದಲ್ಲಿ.

ಖಂಡನೆ ಬರೆಯುವವರಿಗೆ ಸ್ವಾಗತ. ಬರುವಾಗ ಪ್ಲೇಯರಿನ ಮುಳ್ಳೊಂದನ್ನು ತನ್ನಿ. ಇದ್ದದ್ದು ಸವೆದಿದೆ, ನಾಲ್ಕನೆಯ ತಟ್ಟೆಯ ಹಿಂಬದಿ ಇನ್ನೂ ಸಂಪಾದನೆಯಾಗಿಲ್ಲ.