ಮಾರ್ಚ್ 12ರ ಹೊಲ

ಮನೆಯಲ್ಲೊಬ್ಬ ಕಂಪ್ಯೂಟರ್ ಬಲ್ಲವನಿದ್ದರೆ ನೆಂಟರಿಗೆಲ್ಲ ಅವನು ಬಿಟ್ಟಿ ಇಲಾಖೆ. ಬಳ್ಳಾರಿಯಲ್ಲಿ ಕೂತು ಆ ಇಲಾಖೆಗೆ ನನ್ನನ್ನು ನಾನೇ ನೇಮಕ ಮಾಡಿಕೊಂಡವನು ನಾನು. ಸಿರುಗುಪ್ಪದ ಭತ್ತದವರು, ಕುರುಗೋಡಿನ ಮೆಣಸಿನಕಾಯಿಯವರು ಎಲ್ಲ ಸೇರಿ ಒಟ್ಟಿಗೆ ಗೊಬ್ಬರ ತರಿಸೋಣ ಎಂದು ಹೊರಟಾಗ, ಯಾರ ಹೊಲ ಎಷ್ಟು ಎಂಬ ಪಟ್ಟಿ ಬೇಕಾಯಿತು. ಕುರುಗೋಡಿನ ದೊಡ್ಡಪ್ಪ ಆಗಲೇ ನೋಟ್‌ಬುಕ್ಕಿಗೆ ಗೆರೆ ಹಾಕುತ್ತಿದ್ದರು.

"ದೊಡ್ಡಪ್ಪಾ, ಇನ್ನೂ ಯಾವ ಕಾಲದಾಗ ಇದ್ದೀರಿ? ವೆಬ್ ಫಾರಂ ಮಾಡ್ತೀನಿ, ಎಲ್ಲರೂ ಮೊಬೈಲ್‌ನಾಗೇ ತುಂಬ್ತಾರ" ಎಂದೆ. ಅವರು ನೋಟ್‌ಬುಕ್ ಮುಚ್ಚಲಿಲ್ಲ. ಗೆರೆ ಹಾಕುವುದನ್ನು ಮುಂದುವರಿಸಿದರು.

ಮೊದಲ ಫೋನು ಸಿರುಗುಪ್ಪದ ಸೋದರಮಾವನದು. ನೀರಾವರಿ 2 ಎಕರೆ, ಖುಷ್ಕಿ 3 ಎಕರೆ ಎಂದು ತುಂಬಿದ್ದರು.

"ಅಳಿಯಾ, ಒಟ್ಟು 23 ಎಕರೆ ಅಂತ ತೋರ್ಸಾಕತ್ತೈತಿ. ಉಳಿದ ಹದಿನೆಂಟು ಎಲ್ಲಿ ಐತಿ ಹೇಳು, ಬೇಲಿ ಹಾಕಿ ಬರ್ತೀನಿ."

ಫಾರಂನ ಖಾನೆಯಲ್ಲಿ ಏನೇ ತುಂಬಿದರೂ ಅದು ಬರುವುದು ಅಕ್ಷರವಾಗಿ. ಅಕ್ಷರಗಳ ನಡುವೆ ಕೂಡುವ ಚಿಹ್ನೆ ಇಟ್ಟರೆ ಜಾವಾಸ್ಕ್ರಿಪ್ಟ್ ಲೆಕ್ಕ ಮಾಡುವುದಿಲ್ಲ, ಪಕ್ಕಪಕ್ಕ ಅಂಟಿಸುತ್ತದೆ. ಎರಡರ ಪಕ್ಕ ಮೂರು, ಇಪ್ಪತ್ಮೂರು. ಇಷ್ಟೇನಾ ಎಂದು ಸಿಕ್ಕಿದ್ದನ್ನೆಲ್ಲ ಸಂಖ್ಯೆಗೆ ಪರಿವರ್ತಿಸಿ ಬಿಸಾಕಿದೆ. ಫೋನ್ ನಂಬರನ್ನೂ ಬಿಡಲಿಲ್ಲ. ಬಳ್ಳಾರಿಯ 08392 ತಲೆಯ ಸೊನ್ನೆ ಕಳೆದುಕೊಂಡು 8392 ಆಯಿತು. ಹಿರಿಯರೊಬ್ಬರು ಕನ್ನಡದ ಮೇಲಿನ ಅಭಿಮಾನದಿಂದ ೧೨ ಎಂದು ಕನ್ನಡ ಅಂಕಿಯಲ್ಲೇ ತುಂಬಿದ್ದರು. ಜಾವಾಸ್ಕ್ರಿಪ್ಟ್ ಅದು ಸಂಖ್ಯೆಯೇ ಅಲ್ಲ ಎಂದು ಮುಖದ ಮೇಲೆ ಹೊಡೆದಂತೆ ಹೇಳಿತು.

ಅಷ್ಟರಲ್ಲಿ ಕುರುಗೋಡಿನಿಂದ ಕರೆ. "ತಮ್ಮಾ, ನಂದು ಎರಡೂವರೆ ಎಕರೆ. ಪಟ್ಟಿಯಾಗ ಎರಡು ಎಕರೆ ಎರಡು ಗುಂಟೆ ಐತಿ. ಹದಿನೆಂಟು ಗುಂಟೆ ಯಾರು ಒತ್ತಿದ್ರು?"

ಒತ್ತಿದವನು ನಾನೇ. ದೊಡ್ಡಪ್ಪ ಫಾರಂನಲ್ಲಿ 2.20 ಎಂದು ಬರೆದಿದ್ದರು: ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಎರಡೂವರೆ. ಸಂಖ್ಯೆಯಾದ ಮೇಲೆ ದಶಾಂಶದ ಕೊನೆಯ ಸೊನ್ನೆಗೆ ಬೆಲೆಯಿಲ್ಲ, 2.20 ಹೋಗಿ 2.2 ಆಯಿತು. ಮಾವನಿಗೆ ಹದಿನೆಂಟು ಎಕರೆ ದಾನ ಮಾಡಿದ ಕೈಯೇ ದೊಡ್ಡಪ್ಪನ ಹದಿನೆಂಟು ಗುಂಟೆ ಕಿತ್ತುಕೊಂಡಿತ್ತು. ಕಂದಾಯ ಇಲಾಖೆಯವರಿಗೂ ಸಾಧ್ಯವಾಗದ ವೇಗ.

ಒಗ್ಗರಣೆ-ಮಿರ್ಚಿ ತರಿಸಿಕೊಂಡು, ಎಲ್ಲವನ್ನೂ ಸಿಎಸ್‌ವಿ ಕಡತವಾಗಿ ಇಳಿಸಿ ಸ್ಪ್ರೆಡ್‌ಶೀಟ್‌ನಲ್ಲಿ ತೆರೆದೆ. ಸರ್ವೆ ನಂಬರಿನ ಸಾಲಿನಲ್ಲಿ ಮಾವನ ಹೊಲ "12-ಮಾರ್ಚ್" ಆಗಿ ಕೂತಿತ್ತು. ಅವರ ಸರ್ವೆ ನಂಬರು 12, ಹಿಸ್ಸಾ 3, ಬರೆದದ್ದು 12/3. ಸ್ಪ್ರೆಡ್‌ಶೀಟ್ ಯಾರನ್ನೂ ಕೇಳದೆ ಅದಕ್ಕೊಂದು ತಾರೀಖು ಗೊತ್ತು ಮಾಡಿತ್ತು. ಅಕ್ಷರ ಮಾಡು ಎಂದು ಆಜ್ಞೆ ಕೊಟ್ಟೆ. 45363 ಎಂದಿತು. 1900ರ ಜನವರಿ 1ರಿಂದ 2024ರ ಮಾರ್ಚ್ 12ರವರೆಗೆ ದಿನ ಎಣಿಸಿದರೆ ಅದರ ಲೆಕ್ಕಕ್ಕೆ ಬರುವ ಸಂಖ್ಯೆ ಅದು. ಅಷ್ಟು ಸರ್ವೆ ನಂಬರುಗಳಿರುವ ಊರು ಸಿರುಗುಪ್ಪ ತಾಲ್ಲೂಕಿನಲ್ಲಿಲ್ಲ. ಇಷ್ಟಾದ ಮೇಲೆ ಅದೇ ಕಡತವನ್ನು ಶ್ರದ್ಧೆಯಿಂದ ಸೇವ್ ಮಾಡಿದೆ. ಮೂಲ 12/3 ಶಾಶ್ವತವಾಗಿ ಹೋಯಿತು.

ಸಮಾಧಾನ ದೂರದಿಂದ ಬಂತು. ವಿಜ್ಞಾನಿಗಳ ಪಟ್ಟಿಗಳಲ್ಲೂ "ಮಾರ್ಚ್1" ಎಂಬ ಜೀನ್ ಹೀಗೇ ತಾರೀಖಾಗುತ್ತಿತ್ತಂತೆ. ಕಡೆಗೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು, ಅದನ್ನು "ಮಾರ್ಚ್‌ಎಫ್1" ಎಂದು ಬದಲಿಸಿದ್ದನ್ನು 2020ರಲ್ಲಿ ಪ್ರಕಟಿಸಿತು. ಜೀನ್‌ನ ಹೆಸರು ಬದಲಿಸಬಹುದು. ಮಾವನ ಪಹಣಿ ಬದಲಿಸಲು ನನಗೆ ಧೈರ್ಯವಿರಲಿಲ್ಲ.

ಕುರುಗೋಡಿಗೆ ಹೋಗಿ ದೊಡ್ಡಪ್ಪನ ನೋಟ್‌ಬುಕ್ ಬೇಡಿದೆ. ಅದರಲ್ಲಿ ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ. ನಾನು ವರ್ಷಗಟ್ಟಲೆ ಓದಿ ಮಾಡಬೇಕಿದ್ದ ವಿನ್ಯಾಸವನ್ನು ಅವರು ಸ್ಕೇಲು ಹಿಡಿದು ಮಾಡಿದ್ದರು. ಹೊಸ ಫಾರಂ ಅದರ ನಕಲು: ಎಕರೆ ಬೇರೆ, ಗುಂಟೆ ಬೇರೆ. ಕೂಡುವಾಗ ಎಲ್ಲವನ್ನೂ ಗುಂಟೆ ಮಾಡಿ, ಆಮೇಲೆ 40ರಿಂದ ಭಾಗಿಸುವುದು. ಸರ್ವೆ ನಂಬರು, ಫೋನ್ ನಂಬರು ನೋಡಲು ಅಂಕಿಯಾದರೂ ಯಾರೂ ಅವನ್ನು ಕೂಡುವುದಿಲ್ಲ. ಬರೆದದ್ದು ಬರೆದಂತೆ ಅಕ್ಷರವಾಗಿಯೇ ಇರಲಿ ಎಂದು ಬಿಟ್ಟೆ.

ಹೊಸ ಫಾರಂ ಮೊದಲು ತುಂಬಿದವರು ಮಾವ. ಎಕರೆ ಸರಿ, ಗುಂಟೆ ಸರಿ, 12/3 ಕೂಡ ಸರಿಯಾಗಿ ನಿಂತಿತ್ತು. ಫೋನ್ ನಂಬರಿನ ಖಾನೆಯಲ್ಲಿ ಮಾತ್ರ ಹೀಗಿತ್ತು: "ನಿನ್ನತ್ರ ಐತಲ್ಲ."